ಕಿಡಿ ಹಾರದ ಬೆಸಿಗಿ

ಗೋಕಾಕ ಫಾಲ್ಸಿನ ತೂಗುಸೇತುವೆ ಮ್ಯಾಲ ಕಾಲಿಟ್ರ ತಲಿ ತಿರುಗೂ ನಮ್ಮ ಕಾಕಾ ವಿಮಾನ ಅಗ್ಗ ಮಾಡಾಕ ಹೊಂಟಾನ ಅಂದ್ರ ನಂಬತೀರೇನ್ರಿ? ಬ್ಯಾಡ ಬಿಡ್ರಿ, ನಾವೂ ನಂಬಿರಲಿಲ್ಲ.

ಕಾಕಾ ಮೂಡಲಗಿಯೊಳಗ ಟ್ರಾಲಿ, ಕೂರಿಗಿ ವೆಲ್ಡಿಂಗ್ ಮಾಡಾಂವ. ಕರೀ ಕನ್ನಡಕ ಹಾಕ್ಕೋ ಅಂದ್ರ, "ಅದನ್ನ ಹಾಕ್ಕೊಂಡ್ರ ಏನ ಕಾಣತೈತಿ?" ಅಂತಿದ್ದ. ಕಡೀಕ ಸಂಕೇಶ್ವರದ ಕಣ್ಣಿನ ಡಾಕ್ಟರು, "ಇನ್ನೂ ಆ ಬೆಳಕ ನೋಡಿದ್ರ ಇದ್ದ ಕಣ್ಣೂ ಹೋಗತಾವ್ರಿ" ಅಂದುಬಿಟ್ರು. ಕಾಕಾ ವೆಲ್ಡಿಂಗ್ ಬಿಟ್ಟ. ಊಟಾನೂ ಬಿಟ್ಟ, ಮಾತೂ ಬಿಟ್ಟ, ನಮ್ಮನ್ನ ಬೈಯೂದನ್ನೂ ಬಿಟ್ಟ. ಆವಾಗ ಖರೇನ ಅಂಜಿಕಿ ಬಂತು.

ನಾ ಹುಕ್ಕೇರಿ ತಾಲೂಕಿನ ಹತ್ತರಗಿ ಬಾಜೂ, ವಿಮಾನದ ಭಾಗ ಮಾಡೂ ಕಾರ್ಖಾನ್ಯಾಗ ಕೆಲಸ ಮಾಡತೇನಿ. ಒಂದಿನ ಅವಗ ಹೇಳಿದೆ: "ಹೊಸಾ ಮಷಿನ್ ಬಂದೈತಿ ಕಾಕಾ. ಬೆಂಕಿ ಇಲ್ಲ, ಬೆಳಕ ಇಲ್ಲ. ಎರಡು ತಗಡು ಜೋಡಿಸಿ ನಡುವ ಗಟ್ಟಿ ಮೊಳಿ ಗರಗರ ತಿರುಗಸ್ತಾರ. ತಿಕ್ಕಾಟಕ್ಕ ಲೋಹ ಮೆತ್ತಗಾಗಿ, ಕಲಸಿಕೊಂಡು ಒಂದಾಗತೈತಿ. ತಗಡಿಗೆ ರಿವೆಟ್ ಮೊಳಿ ಬಡಿಯೂದು ತಪ್ಪತೈತಿ, ತೂಕ ಕಡಿಮಿ ಆಗತೈತಿ, ವಿಮಾನದ ಖರ್ಚೂ ಇಳೀತೈತಿ."

"ಹುಚ್ಚಿ, ಕರಗಿಸಲಾರದ ವೆಲ್ಡಿಂಗ್ ಎಲ್ಲಿದು?"

ಮರುದಿನ ಅವ್ವನ ಎರಡು ಅಲ್ಯೂಮಿನಿಯಂ ಮುಚ್ಚಳ ಕಾಣೆ! ಕಾಕಾ ಅವನ್ನ ಕತ್ತರಿಸಿ, ಡ್ರಿಲ್ಲಿಗೆ ಮೊಂಡ ಮೊಳಿ ಸಿಗಿಸಿ ಕೂಡಸಾಕ ಹತ್ತಿದ್ದ. ಒಂದು ತುಂಡು ಪುಟದು ಹೋಗಿ ಎಮ್ಮಿ ಬೆನ್ನಿಗೆ ಬಡೀತು. ಎಮ್ಮಿ ಎರಡು ದಿನ ಹಾಲು ಕೊಡಲಿಲ್ಲ, ಅವ್ವ ನಾಕು ದಿನ ಚಾ ಕೊಡಲಿಲ್ಲ. "ಬಿಗಿ ಹಿಡದದ್ದು ಸಾಲಲಿಲ್ಲ, ಅಷ್ಟ," ಅಂದ ಕಾಕಾ, ಎರಡು ರೊಟ್ಟಿ ಹೆಚ್ಚಿಗಿ ತಿಂದ.

ನಮ್ಮ ಕಾರ್ಖಾನ್ಯಾಗ ಬೇಕಾಗಿದ್ದೂ ಅಂಥಾಂವನ, ತಗಡು ಮಿಸುಕದಂಗ ಬಿಗಿಯಾಕ ಬಲ್ಲಾಂವ. ಕರಕೊಂಡು ಹೋದೆ. ಸಾಹೇಬರು, "ಕೂಡಿಸಿದ ತಗಡು ಬಗ್ಗಸ್ತೇವಿ. ಬಿರಿದ್ರ ಕೆಲಸ ಇಲ್ಲ," ಅಂದ್ರು. ಕಾಕಾ ಬೆವತು ಬೆವತು ಬಿಗಿದ. ಮಷಿನ್ ಸುರು ಆಗೂದಕ, ಇಷ್ಟ ವರ್ಷದ ರೂಢಿ ನೋಡ್ರಿ, "ಎಲ್ಲಾರೂ ಕಣ್ಣ ಮುಚ್ಚರಿ!" ಅಂತ ಒದರಿದ. ಸಾಹೇಬರು ಸೈತ ಮುಚ್ಚಿದ್ರು. ಒಂದ ಕಿಡಿ ಹಾರಲಿಲ್ಲ, ಬರೀ ಹಿಟ್ಟಿನ ಗಿರಣಿ ಸಪ್ಪಳ.

ತಗಡು ತಿಕ್ಕಿ ನುಣ್ಣಗ ಮಾಡಿ ಬಗ್ಗಿಸಿದ್ರು. ಬಿರೀಲಿಲ್ಲ. ನಾ ಕುಣಿಯೂದೊಂದ ಬಾಕಿ. ಕಾಕಾನ ಮಾರಿ ಮಾತ್ರ ಇಳದಿತ್ತು. ತಗಡನ್ನ ಕಣ್ಣಿಗೆ ಹತ್ತಸಿ ಹಿಡದು, ಬೆರಳಾಡಿಸಿ, ನನ್ನ ಬಾಜೂಕ ಕರದ.

"ಯವ್ವಾ, ಕೂಡಿಸಿದ ಗುರ್ತು ಎಲ್ಲೈತಿ? ನನಗ ಕಾಣವಲ್ದು. ಕಣ್ಣ ಪೂರಾ ಹೋದುವೇನ?"

ತಗಡು ಬೆಳಕಿಗೆ ಹಿಡದೆ. ತಿರುವಿ ತಿರುವಿ ನೋಡಿದೆ.

"ಕಾಕಾ, ನನಗೂ ಕಾಣವಲ್ದು."

ಕಾಕಾ ಅಲ್ಲೇ ನೆಲಕ್ಕ ಕುಂತು ಗಳಗಳ ಅತ್ತ. ನಾನೂ ಅತ್ತೆ.