ಅತ್ತೆಯವರಿಗೆ ಏನೂ ಬೇಡವಂತೆ

ನನ್ನ ಉದ್ಯೋಗವೇನೆಂದು ಊರಿನವರು ಕೇಳಿದಾಗಲೆಲ್ಲ ನಾನು ತಡವರಿಸುತ್ತೇನೆ. ಡಾಕ್ಟರು, ವಕೀಲರು ಎಂದರೆ ಒಂದೇ ಮಾತಿನಲ್ಲಿ ಮುಗಿಯುತ್ತದೆ. ನಾನು ಮಾಡುವುದು ಇಷ್ಟೇ: ನಿಮಗೇನು ಬೇಕು ಎಂದು ಜನರನ್ನು ಕೇಳುವುದು, ಹೇಳಿದ್ದನ್ನು ಬರೆದುಕೊಳ್ಳುವುದು, ಬರೆದದ್ದರ ಕೆಳಗೆ ಅವರ ಸಹಿ ಹಾಕಿಸಿಕೊಳ್ಳುವುದು. ಆ ಕಾಗದ ನೋಡಿಕೊಂಡು ಬೇರೆ ಯಾರೋ ಸಾಫ್ಟ್‌ವೇರ್ ಕಟ್ಟುತ್ತಾರೆ. ಆಫೀಸಿನಲ್ಲಿ ಇದಕ್ಕೆ ರಿಕ್ವೈರ್‌ಮೆಂಟ್ ಸಂಗ್ರಹ ಎಂಬ ದೊಡ್ಡ ಹೆಸರಿದೆ. "ಇಷ್ಟಕ್ಕೂ ಪಗಾರ ಕೊಡ್ತಾರೇನೋ?" ಎಂದು ನಮ್ಮ ಕಾಕಾ ಒಮ್ಮೆ ಕೇಳಿದ್ದರು. ಕೊಡುತ್ತಾರೆ, ಆದರೆ ನೆಮ್ಮದಿಯನ್ನು ಕಿತ್ತುಕೊಂಡು ಕೊಡುತ್ತಾರೆ. ವರ್ಷಾನುಗಟ್ಟಲೆ ಇದನ್ನೇ ಮಾಡಿ ಮಾಡಿ, ಯಾರಾದರೂ "ಸಿಂಪಲ್ಲಾಗಿ ಇರಲಿ" ಎಂದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಸಿಂಪಲ್ ಅಂದರೆ ಎಷ್ಟು? ಯಾರಿಗೆ? ಕ್ಷೌರದಂಗಡಿಯಲ್ಲಿ ಪಕ್ಕದ ಕುರ್ಚಿಯವನು "ಮೀಡಿಯಂ ಕಟ್" ಎಂದರೆ ಎದ್ದು ಹೋಗಿ ನಾಲ್ಕು ಪ್ರಶ್ನೆ ಕೇಳಬೇಕೆನಿಸುತ್ತದೆ. ಒಮ್ಮೆ ಕೇಳಿಯೂ ಬಿಟ್ಟೆ. ಆ ಅಂಗಡಿಗೆ ಈಗ ಹೋಗುವುದಿಲ್ಲ.

ಇಂಥ ನನ್ನ ಕೈಗೆ ಕೋಥರೂಡದ ನಮ್ಮ ಫ್ಲಾಟಿನ ಅಡುಗೆಮನೆ ಸಿಕ್ಕಿತು. ಕಪಾಟಿನ ಬಾಗಿಲುಗಳು ಎಳೆದರೆ ಕೈಗೇ ಬರುತ್ತಿದ್ದವು, ಎಲ್ಲ ಹೊಸದಾಗಿ ಮಾಡಿಸುವುದೆಂದಾಯಿತು. ಶಿಂದೆ ಮಿಸ್ತ್ರಿ ಟೇಪು ಹಿಡಿದು ಅಳೆದು, ತನ್ನ ಮರಾಠಿಯಲ್ಲಿ "ಸಾಹೇಬ, ಶನಿವಾರಪರ್ಯಂತ್ ನಕ್ಕಿ ಸಾಂಗಾ" ಎಂದ. ಶನಿವಾರದೊಳಗೆ ಖಚಿತವಾಗಿ ಹೇಳಿದರೆ ನಮ್ಮ ಕೆಲಸ ಮುಗಿಸಿ ಶಿರೂರಿನ ಯಾವುದೋ ಬಂಗಲೆಗೆ ಹೋಗುತ್ತಾನಂತೆ. ಹೇಳದಿದ್ದರೆ ನಮ್ಮದನ್ನು ಬಿಟ್ಟೇ ಹೋಗುತ್ತಾನಂತೆ. ಹೇಗೇ ಆದರೂ ದೀಪಾವಳಿಯ ತನಕ ಆತ ಮತ್ತೆ ಸಿಗುವ ಆಸಾಮಿಯಲ್ಲ. ಅಂದಿನಿಂದ ನಾನು ಕುಂತಲ್ಲಿ ಕೂಡಲಿಲ್ಲ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಕಾಗದ ಹಿಡಿದು ಓಡಾಡಿದೆ. ಹೆಂಡತಿ ಸುನಂದಾ ಕುಕ್ಕರಿನ ಮೂರು ಸೀಟಿಯೊಳಗೆ ಇಪ್ಪತ್ತಾರು ಬೇಡಿಕೆ ಹೇಳಿದಳು. ಮಗಳಿಗೆ ಫೋನು ಚಾರ್ಜ್ ಮಾಡಲು ಒಂದು ಪ್ಲಗ್ ಸಾಕಂತೆ. ಉಳಿದವರು ನಮ್ಮ ಅತ್ತೆ, ಅಂದರೆ ಸುನಂದಾಳ ತಾಯಿ. ಧಾರವಾಡದವರು, ಎರಡು ವರ್ಷದಿಂದ ನಮ್ಮ ಜೊತೆಗೇ ಇದ್ದಾರೆ. ದಿನಾ ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲಿ ನೆಲದ ಮೇಲೆ ಕುಳಿತು, ಸಣ್ಣ ಗ್ಯಾಸ್ ಒಲೆ ಮುಂದಿಟ್ಟುಕೊಂಡು, ಅಗಲ ತಟ್ಟೆಯಂಥ ಪರಾತದಲ್ಲಿ ಜೋಳದ ರೊಟ್ಟಿ ಬಡಿಯುವವರು.

"ಅತ್ತ್ಯಾರ, ನಿಮಗ ಏನೇನ್ ಬೇಕು ಹೇಳ್ರಿ" ಎಂದೆ.

"ನನಗೇನ್ ಬೇಕಾಗ್ಯದ್ರೀ? ನಿಮಗ ಹ್ಯಾಂಗ ಅನಸ್ತದ ಹಂಗ ಮಾಡಸ್ರಿ."

ಬರೆದುಕೊಂಡೆ: ಅತ್ತೆಯವರು, ಬೇಡಿಕೆ ಏನೂ ಇಲ್ಲ. ಸಹಿಯನ್ನೂ ಕೇಳಿದೆ. ಅವರು ಕನ್ನಡಕ ಹುಡುಕಿ ತಂದು, ದುಂಡಗಿನ ಅಕ್ಷರದಲ್ಲಿ ಪೂರ್ತಿ ಹೆಸರು ಬರೆದುಕೊಟ್ಟರು. ಇಷ್ಟು ಸಲೀಸಾಗಿ ಯಾವ ಗಿರಾಕಿಯೂ ನನಗೆ ಸಹಿ ಹಾಕಿಕೊಟ್ಟಿರಲಿಲ್ಲ. ಆಫೀಸಿನ ಹೊಸಬರಿಗೆ "ಬರೀ ಕೇಳಬೇಡಿ, ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ" ಎಂದು ಪಾಠ ಹೇಳುವವನು ನಾನೇ. ಆದರೆ ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಅಡುಗೆಮನೆ ಎದ್ದು ನಿಂತಿತು. ಇಪ್ಪತ್ತಾರೂ ಬೇಡಿಕೆ ಈಡೇರಿದ್ದವು. ಅತ್ತೆ ಕೂಡುತ್ತಿದ್ದ ಮೂಲೆಯಲ್ಲಿ ಸೂರಿಗೆ ತಾಗುವ ಕಪಾಟು ಬಂದಿತ್ತು. "ಭಾಳ ಛಲೋ ಆಗ್ಯದ್ರಿ" ಎಂದು ಅವರು ಅದರ ಬಾಗಿಲು ಸವರಿದರು. ಮರುದಿನದಿಂದ ರೊಟ್ಟಿ ನಿಂತಿತು. ಕೈ ನೋಯುತ್ತದಂತೆ. ಒಂದು ವಾರ ಚಪಾತಿ ತಿಂದೆವು. ಆಮೇಲೆ ಒಂದು ದಿನ ಅತ್ತೆ ಸೀರೆಗಳನ್ನು ಮಡಚಿ ಬ್ಯಾಗಿಗೆ ತುಂಬುತ್ತಿದ್ದರು. "ಹುಬ್ಬಳ್ಳಿಗೆ, ಮಗನ ಮನೀಗೆ ಹೋಗಿರ್ತೀನ್ರಿ. ಇಲ್ಲಿ ಕುಂತು ಏನ್ ಮಾಡ್ಲಿ?" ಎಂದರು. ಯಾವಾಗ ಬರುತ್ತೀರಿ ಎಂದರೆ, "ನೋಡೂಣ್ರಿ" ಎಂದರು. ನನಗೆ ಕಸಿವಿಸಿಯಾಯಿತು. ನಿಜ ಹೇಳಬೇಕೆಂದರೆ ಹೆದರಿಕೆಯೇ ಆಯಿತು. ಆ ಮುದುಕಿ ಇಲ್ಲದ ಮನೆಯನ್ನು ನೆನೆಸಿಕೊಂಡರೆ ನನಗೇ ಸೇರುತ್ತಿರಲಿಲ್ಲ.

ಸುನಂದಾಗೆ ಸಹಿ ಇದ್ದ ಕಾಗದ ತೋರಿಸಿದೆ. ಅವಳು ಹಣೆ ಹಣೆ ಬಡಿದುಕೊಂಡಳು. "ಅಲ್ರೀ, ಅವ್ವ ಬ್ಯಾಡ ಅಂದಳು, ನೀವು ಬರಕೊಂಡ್ರಿ! ಒಂದ ಸಲ ಕೇಳಿದ್ರ ನಮ್ಮ ಮಂದಿ ಚಹಾಕ್ಕರ ಹೂಂ ಅಂತಾರೇನ್ರಿ?"

ಹೌದಲ್ಲ! ಹೆಣ್ಣು ನೋಡಲು ಹೋದ ದಿನ ಇದೇ ಅತ್ತೆ ಹೋಳಿಗೆ ಹಿಡಿದು ಬಂದಾಗ, "ಬ್ಯಾಡ್ರಿ, ಹೊಟ್ಟಿ ತುಂಬ್ಯದ" ಎಂದು ನಾನು ಎಲೆಗೆ ಕೈ ಅಡ್ಡ ಹಿಡಿದಿದ್ದೆ. ಹೋಳಿಗೆ ಬೀಳುವಷ್ಟು ಜಾಗ ಬಿಟ್ಟೇ ಹಿಡಿದಿದ್ದೆ. ಅವರು ಮೂರು ಸಲ ಕೇಳಿದರು, ಮೂರು ಹೋಳಿಗೆ ಬಿದ್ದವು. ಅಂದು ಅವರು ನನ್ನ ಮೊದಲ ಮಾತನ್ನೇ ಬರೆದುಕೊಂಡಿದ್ದರೆ ನಾನು ಅರೆಹೊಟ್ಟೆಯಲ್ಲಿ ಎದ್ದು ಬರಬೇಕಾಗಿತ್ತು.

ಕಾಗದ ಬಿಟ್ಟು ಅತ್ತೆಯ ಕೋಣೆಗೆ ಹೋಗಿ ನೆಲದ ಮೇಲೆ ಕುಳಿತೆ. ಎರಡನೆಯ ಸಲ ಕೇಳಿದಾಗ, "ಕಪಾಟು ಛಲೋ ಅದಲ್ರೀ" ಎಂದರು. ಮೂರನೆಯ ಸಲ ಕೇಳಿದೆ. ಸೀರೆ ಮಡಚುವ ಕೈ ನಿಂತಿತು. "ನಾಕ ಗೇಣು ನೆಲಾ ಇದ್ರ ಸಾಕಿತ್ರಿ," ಎಂದರು. "ನಿಂತು ರೊಟ್ಟಿ ಬಡ್ಯಾಕ ಬರೂದಿಲ್ಲ ನನಗ. ಮತ್ತ ಎದುರಿಗೆ ಒಬ್ರು ಕುಂತು ಬಿಸಿಬಿಸಿ ತಿನ್ನಬೇಕು. ಯಾರೂ ತಿನ್ನದ ರೊಟ್ಟಿ ಯಾಕ ಬಡೀಬೇಕು?"

ಕಪಾಟು ಕೀಳೋಣವೆಂದರೆ ಮಿಸ್ತ್ರಿ ಶಿರೂರಿನಲ್ಲಿ. ಮನೆಯಲ್ಲಿ ನಾಲ್ಕು ಗೇಣು ನೆಲ ಉಳಿದದ್ದು ಅಡುಗೆಮನೆಗೆ ಹೊಂದಿಕೊಂಡ, ಬಟ್ಟೆ ಒಣಹಾಕುವ ಡ್ರೈ ಬಾಲ್ಕನಿಯಲ್ಲಿ, ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ಮೇಜಿನ ಕೆಳಗೆ. ಗಾಳಿ, ಬೆಳಕು, ಕೆಳಗೆ ಗುಲ್‌ಮೊಹರ್ ಗಿಡ. ಇಡೀ ಫ್ಲಾಟಿನಲ್ಲಿ ನನ್ನದೆಂದು ಇದ್ದ ಜಾಗ ಅದೊಂದೇ. ಮೇಜು ಸರಿಸುತ್ತೇನೆ ಎಂದೆ. ಅತ್ತೆಯ ಮುಖ ಅರಳಿತು, ಬ್ಯಾಗಿನ ಸೀರೆಗಳು ಒಂದೊಂದಾಗಿ ಹೊರಬಂದವು. ಆಮೇಲೆ ಗಾಬರಿಯಿಂದ, "ಮತ್ತ ನೀವೆಲ್ಲಿ ಕುಂದ್ರತೀರಿ?" ಎಂದರು.

"ಅಯ್ಯ, ನನಗೇನ್ ಬೇಕಾಗ್ಯದ್ರೀ! ಎಲ್ಲೆರೆ ಕುಂದ್ರತೀನಿ" ಎಂದೆ.

ಎಂದು, ಎರಡನೆಯ ಸಲ ಕೇಳಲಿ ಎಂದು ಕಾದೆ.

"ನೋಡವ್ವಾ, ಅವರಿಗೇನೂ ಬ್ಯಾಡಂತ" ಎಂದು ಬಾಗಿಲಲ್ಲಿ ನಿಂತಿದ್ದ ಸುನಂದಾ ಬಾಲ್ಕನಿಗೆ ನಡೆದು ಮೇಜಿನ ಒಂದು ತುದಿ ಹಿಡಿದೇಬಿಟ್ಟಳು. "ಹೂಂ, ಆ ಕಡೆ ನೀವು ಹಿಡೀರಿ."

ಈಗ ನಾನು ಫ್ರಿಜ್ಜಿಗೂ ಆ ಎತ್ತರದ ಕಪಾಟಿಗೂ ನಡುವೆ ಸ್ಟೂಲಿನ ಮೇಲೆ ಕುಳಿತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಊರವರ ಬೇಡಿಕೆಗಳನ್ನು ಬರೆದುಕೊಳ್ಳುತ್ತೇನೆ. ಯಾರಿಗಾದರೂ ತೊಗರಿಬೇಳೆ ಬೇಕಾದರೆ ಎದ್ದು ದಾರಿ ಬಿಡುತ್ತೇನೆ. ರೊಟ್ಟಿಯೇನೋ ಬಿಸಿಬಿಸಿ ಸಿಗುತ್ತಿದೆ. ಜಾಗದ ವಿಷಯವನ್ನು ಇನ್ನೊಂದು ಸಲ ಯಾರಾದರೂ ಕೇಳಿಯಾರು ಎಂದು ಕಾಯುತ್ತಿದ್ದೇನೆ. ಇದು ಮೂರನೆಯ ವಾರ.