ತಲಬಾಗಿಲ ಪರದೆಗೆ ಬಳ್ಳಿ ಬಿಡಿಸಿದ್ದು

ಅಂಗಡಿಯಲ್ಲಿ ಸಿಗುವ ವಸ್ತುವನ್ನು ಮನೆಯಲ್ಲೇ ಮಾಡಬಹುದು ಎಂದು ಯಾರಿಗಾದರೂ ಹೊಳೆದರೆ, ಆ ಮನೆಯಲ್ಲಿ ಇಂಥ ಘಟನೆಗಳು ನಡೆಯುತ್ತಲೇ ಇರುತ್ತವೆ. ರಾಯಚೂರಿನ ನಮ್ಮ ಮನೆಯಲ್ಲಿ ಹಿಂದೆ ಸಾಬೂನಿನ ಕಾಲ ಇತ್ತು, ಆಮೇಲೆ ಮೇಣದ ಬತ್ತಿಯ ಕಾಲ ಬಂತು. ಈಗ ಹೇಳಹೊರಟಿರುವುದು ಪರದೆಯ ಕಾಲದ ಸಂಗತಿ.

ನನ್ನ ಹೆಂಡತಿಯ ತಂಗಿ ದೇವದುರ್ಗದಲ್ಲಿ ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಏನು ಕೊಡುವುದು ಎಂಬ ಮಾತು ಬಂದಾಗ, ಅಷ್ಟೂ ಕಿಟಕಿ ಬಾಗಿಲುಗಳ ಪರದೆ ತನ್ನದೇ ಎಂದು ನನ್ನ ಹೆಂಡತಿ ಫೋನಿನಲ್ಲಿ ಹೇಳಿಬಿಟ್ಟಳು. ಬಿಳಿ ಬಟ್ಟೆ ತರುವುದು, ಅಚ್ಚು ಕೊರೆಯುವುದು, ಅಚ್ಚನ್ನು ಬಟ್ಟೆಯ ಮೇಲಿಟ್ಟು ಸ್ಪಂಜಿನಿಂದ ಬಣ್ಣ ಒತ್ತುವುದು. ಮೊಬೈಲಿನ ವಿಡಿಯೋದಲ್ಲಿ ಒಬ್ಬಾಕೆ ನಗುನಗುತ್ತ ಇದನ್ನು ಮಾಡಿ ಮುಗಿಸಿದ್ದಳು. ಫೋನು ಸ್ಪೀಕರಿನಲ್ಲಿತ್ತು. ಆ ಕಡೆಯಿಂದ ತಂಗಿಯ ಅತ್ತೆಯ ದನಿ ಬಂತು.

“ಬಣ್ಣ ಹಚ್ಚಿದ ಪರದಾ ಏನವ್ವಾ? ಒಂದು ನೀರಿಗೆ ಹೋಗ್ತದ.”

ದೇವದುರ್ಗದ ಈ ಅತ್ತೆಯವರು ಕೆಟ್ಟವರಲ್ಲ. ಹೊಗಳುವ ಅಭ್ಯಾಸ ಇಲ್ಲ, ಅಷ್ಟೆ. ಸ್ವಂತ ಮಗನ ಮದುವೆಯ ಊಟ ಉಂಡು ಎದ್ದು ಅವರು ಹೇಳಿದ ಮಾತು, “ಉಪ್ಪು ಹಾಕಿದ್ರು.” ಅಡುಗೆಯವನು ಅದನ್ನು ಈಗಲೂ ನಾಲ್ಕು ಜನಕ್ಕೆ ಹೇಳಿಕೊಳ್ಳುತ್ತಾನೆ.

ಅಂದಿನಿಂದ ನನ್ನ ಹೆಂಡತಿಗೆ ಪರದೆ ಮುಖ್ಯವಾಗಿ ಉಳಿಯಲಿಲ್ಲ. ಆ ಬಾಯಿಂದ ಒಂದು ಒಳ್ಳೆಯ ಮಾತು ಬರುವುದು ಮುಖ್ಯವಾಯಿತು. ನನಗೆ ಅಚ್ಚಿನ ಮೂಲೆ ಒತ್ತಿ ಹಿಡಿಯುವ ಕೆಲಸ ಸಿಕ್ಕಿತು.

ಮೊಣಕಾಲಿನ ಎಲೆಗಳು

ಮೊದಲ ಅಚ್ಚನ್ನು ರಟ್ಟಿನಲ್ಲಿ ಕೊರೆದಳು. ರಟ್ಟು ಬಣ್ಣ ಕುಡಿದು ಸಂಜೆಯೊಳಗೆ ಹಪ್ಪಳದಂತೆ ಸೊಟ್ಟಗಾಯಿತು. ನೀರು ಕುಡಿಯದ, ಹರಿಯದ, ತೆಳ್ಳಗಿನ ಹಾಳೆ ಬೇಕಿತ್ತು. ಅಂಥದ್ದು ಮನೆಯಲ್ಲಿ ಎಲ್ಲಿದೆ ಎಂದು ಅವಳು ಹುಡುಕಿದ್ದು ನನಗೆ ಗೊತ್ತಿರಲಿಲ್ಲ.

ಆ ವಾರವೇ ನನ್ನ ಮೊಣಕಾಲಿನ ನೋವು ಮತ್ತೆ ಜೋರಾಯಿತು. ಹಳೆಯ ಎಕ್ಸ್‌ರೇ ತನ್ನಿ ಎಂದು ಡಾಕ್ಟರು ಹೇಳಿದ್ದರಿಂದ ಕಪಾಟಿನಲ್ಲಿದ್ದ ಕವರನ್ನು ಹಾಗೇ ಬಗಲಲ್ಲಿ ಇಟ್ಟುಕೊಂಡು ಹೋದೆ. ಡಾಕ್ಟರು ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಹಿಂದಕ್ಕೆ ಸರಿದು ನಿಂತರು. ಮಂಡಿಚಿಪ್ಪಿನ ಪಕ್ಕದಿಂದ ಹೊರಟ ಒಂದು ಬಳ್ಳಿ ತೊಡೆಯ ಎಲುಬಿನುದ್ದಕ್ಕೂ ಹಬ್ಬಿ, ತುದಿಯಲ್ಲಿ ಮೊಗ್ಗು ಬಿಟ್ಟಿತ್ತು.

“ಇದು ಯಾವಾಗಿಂದ ಅದರೀ?” ಎಂದರು.

“ಮಳಿಗಾಲದಿಂದ ಸರ್. ಮೆಟ್ಟಲಾ ಹತ್ತುವಾಗ ಭಾಳ ಆಗ್ತದ.”

“ನೋವಿಂದು ಕೇಳಾಕತ್ತಿಲ್ರೀ. ಈ ಎಲಿ ಕೇಳಾಕತ್ತೀನಿ.”

ಹೆಂಡತಿ ಅದರಲ್ಲೇ ಅಚ್ಚು ಕೊರೆದಿರಬೇಕೆಂದು ಹೇಳಿ, ಪರದೆಯ ವಿಷಯ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಇನ್ನೊಂದು ಎಕ್ಸ್‌ರೇ ತೆಗೆಸಲು ಬರೆದುಕೊಟ್ಟರು.

ಮನೆಗೆ ಬಂದಾಗ ಹೆಂಡತಿ ನನ್ನ ಕೈಯಿಂದ ಹೊಸ ಕವರು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಕಾಳಜಿಯಿಂದಲೇ ನೋಡಿದಳು.

“ಇದು ಹಳೇದ್ಕಿಂತ ಅಗಲ ಅದ ಅಲ್ರೀ,” ಎಂದಳು. “ಗಿಳಿ ಕೂಡ್ತದ.”

ಮಾತು ಬಿಟ್ಟ ಗಿಳಿಗಳು

ಗಿಳಿಗಳು ತಂಗಿಯ ಮಲಗುವ ಕೋಣೆಗೆ. ಎರಡು ಗಿಳಿ ಎದುರುಬದುರು ಕೂತು ಕೊಕ್ಕು ಸೇರಿಸಿರಬೇಕು. ಕೊರೆದದ್ದು ಒಂದೇ ಗಿಳಿ. ಅದನ್ನು ಒಮ್ಮೆ ಒತ್ತಿ, ಅಚ್ಚು ತೊಳೆದು ಒರೆಸಿ, ಮಗುಚಿ ಹಾಕಿ ಇನ್ನೊಮ್ಮೆ ಒತ್ತಿದರೆ ಜೋಡಿ ತಾನಾಗಿ ಆಗುತ್ತದೆ. ತೊಳೆಯುವವನು ನಾನು, ಒತ್ತುವವಳು ಅವಳು.

ನಾವು ಬಿಸಿಲೇರುವ ಮೊದಲು ಮುಗಿಸಬೇಕೆಂಬ ಅವಸರದಲ್ಲಿದ್ದೆವು. ಎಡಗಡೆ ಇರಬೇಕಾದ ಗಿಳಿ ಬಲಗಡೆ ಕೂತಿತು. ಬಲಗಡೆಯದು ಎಡಕ್ಕೆ ಬಂತು. ಪರದೆಯನ್ನು ಹಗ್ಗಕ್ಕೆ ಹಾಕಿ ದೂರ ನಿಂತು ನೋಡಿದಾಗ, ಎರಡೂ ಗಿಳಿಗಳು ಬೆನ್ನು ಮಾಡಿ, ಮುಖ ತಿರುಗಿಸಿಕೊಂಡು, ಒಂದು ಆ ಗೋಡೆಯನ್ನೂ ಇನ್ನೊಂದು ಈ ಗೋಡೆಯನ್ನೂ ನೋಡುತ್ತಿದ್ದವು.

ಪಕ್ಕದ ಮನೆಯ ಅವ್ವಾರು ಗೋಡೆಯಾಚೆಯಿಂದ ಇಣುಕಿದರು. “ಏನಾತ್ರೀ ಇವಕ್ಕ? ಮಾತು ಬಿಟ್ಟಾವೇನು?”

“ಇವರು ಅಚ್ಚು ಹೊಳ್ಳಿಸಿ ಕೊಟ್ರು ನೋಡ್ರಿ, ಅದಕ್ಕ ಹಿಂಗಾತು,” ಎಂದಳು ನನ್ನ ಹೆಂಡತಿ.

“ಹೊಳ್ಳಿಸಿ ಕೊಡು ಅಂದಾಕಿ ನೀನ,” ಎಂದೆ ನಾನು.

“ನಾ ಅಂದ್ರ ನೀವು ನೋಡಬಾರದೇನು?”

“ನೋಡು ಅಂತ ಅಂದಿದ್ದಿಲ್ಲಲ್ಲ.”

ಹೊಸ ಮನೆಯ ಮಲಗುವ ಕೋಣೆಗೆ ಇಂಥ ಗಿಳಿಗಳನ್ನು ಕೊಂಡೊಯ್ದರೆ ದೇವದುರ್ಗದ ಅತ್ತೆ ಬಾಯಿ ತೆರೆಯುವ ಮೊದಲೇ ಉತ್ತರ ಗೊತ್ತಿತ್ತು. ಬೇರೆ ಬಟ್ಟೆಗೆ ಸರಿಯಾದ ಜೋಡಿ ಒತ್ತಿದಳು. ಮುನಿಸಿನ ಗಿಳಿಗಳನ್ನು ನಮ್ಮ ಮಲಗುವ ಕೋಣೆಗೆ ಹಾಕಿಕೊಂಡೆವು. ಬಂದ ನೆಂಟರು ಇಲ್ಲಿಯವರೆಗೆ ಯಾರೂ ಅದರಲ್ಲಿ ತಪ್ಪು ಕಂಡಿಲ್ಲ.

ಎಲೆಗೊಂದು ಸಂಡಿಗೆ

ಎಲ್ಲಕ್ಕಿಂತ ದೊಡ್ಡದು ತಲಬಾಗಿಲ ಪರದೆ. ಅತ್ತೆಯವರು ದಿನವಿಡೀ ಕೂರಲಿರುವುದು ಅದರ ಎದುರಿಗೇ. ಆದ್ದರಿಂದ ಅದಕ್ಕೆ ಕೆಳಗಿನಿಂದ ಮೇಲಿನವರೆಗೆ ಹಬ್ಬಿದ ಬಳ್ಳಿ, ದೊಡ್ಡ ದೊಡ್ಡ ಹಸಿರು ಎಲೆ. ಬಣ್ಣ ಒಣಗಿದ ಮೇಲೆ ಹಿಂದಿನಿಂದ ಬಿಸಿ ಇಸ್ತ್ರಿ ಆಡಿಸಿದರೆ ಅದು ಬಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ನೀರು ತಾಗಬಾರದು.

ಪರದೆಯನ್ನು ಮಾಳಿಗೆಯ ಮೇಲೆ ಹಾಸಿ, ನಾಲ್ಕು ಮೂಲೆಗೆ ಇಟ್ಟಂಗಿ ಇಟ್ಟು, ಊಟಕ್ಕೆ ಇಳಿದೆವು. ನಮ್ಮ ಮಾಳಿಗೆಗೂ ಪಕ್ಕದ ಮನೆಯ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಗೋಡೆ ಮಾತ್ರ ಇದೆ. ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಮಾಳಿಗೆಯ ಮೇಲೆ ಶುಭ್ರವಾದ ಬಟ್ಟೆ ಹಾಸಿದೆ ಎಂದರೆ ಅದಕ್ಕೆ ಒಂದೇ ಅರ್ಥ.

ನಾವು ಮೇಲೆ ಹೋಗುವಷ್ಟರಲ್ಲಿ ಪಕ್ಕದ ಮನೆಯ ಅವ್ವಾರು ಬೋಗುಣಿ ಖಾಲಿ ಮಾಡಿ ಕೈ ತೊಳೆಯುತ್ತಿದ್ದರು. ಪರದೆಯ ಮೇಲೆ ಎಲೆ ಎಲೆಗೂ ಒಂದೊಂದು ಅಕ್ಕಿ ಸಂಡಿಗೆ ಕೂತಿತ್ತು. ಒಂದು ಎಲೆಯೂ ಖಾಲಿ ಇರಲಿಲ್ಲ.

“ಬಟ್ಟಿ ಹಾಸಿದ್ದು ಚಲೋ ಆತ್ರೀ,” ಎಂದರು ಅವರು, ಬೆವರು ಒರೆಸಿಕೊಳ್ಳುತ್ತ. “ಗುರುತು ಸೈತ ಹಾಕಿರಿ. ಪ್ರತಿ ವರ್ಷ ಒಂದಕ್ಕೊಂದು ಹತ್ತಿಬಿಡ್ತಾವ.”

ಅವರ ಮುಖದಲ್ಲಿ ಅಷ್ಟು ಸಂತೋಷ ಇತ್ತು. ನನ್ನ ಹೆಂಡತಿ “ಹೂಂ ರೀ” ಎಂದು ಹೇಳಿ ಕೆಳಗಿಳಿದು ಬಂದಳು.

ಒಣಗಿದ ಸಂಡಿಗೆ ಬಟ್ಟೆಯಿಂದ ಬಿಡಬೇಕಾದರೆ ಹಿಂದಿನಿಂದ ನೀರು ಚಿಮುಕಿಸಬೇಕು. ಚಿಮುಕಿಸಿದರು. ಸಂಡಿಗೆಗಳು ಬಿಟ್ಟವು, ಎಲೆಗಳನ್ನು ಜೊತೆಗೆ ಕರೆದುಕೊಂಡು. ಪರದೆಯ ಮೇಲೆ ಬರೀ ಕಡ್ಡಿ ಉಳಿಯಿತು. ಹಸಿರು ಹತ್ತಿದ ಸಂಡಿಗೆ ಯಾರೂ ತಿನ್ನುವುದು ಬೇಡವೆಂದು ಎರಡೂ ಮನೆಯವರು ಕೂತು ತೀರ್ಮಾನಿಸಿದೆವು.

ಮರುದಿನ ಅವುಗಳಿಂದ ತುಂಬಿದ ಡಬ್ಬಿ ನಮ್ಮ ಮನೆಗೆ ಬಂತು. “ಬಣ್ಣ ನಿಮ್ದು ಅದ,” ಎಂದರು ಅವ್ವಾರು. “ನಮ್ಮ ಮನಿಯಾಗ ಇಟ್ಕೊಂಡ್ರ ಸರಿ ಆಗಂಗಿಲ್ಲ.”

ಮಾನ್ವಿಯ ಟೇಲರು

ನನ್ನ ಹೆಂಡತಿಯ ತವರು ಮಾನ್ವಿ. ರಾಯಚೂರಿನಲ್ಲಿ ಟೇಲರುಗಳು ಸಾಕಷ್ಟಿದ್ದರೂ ಬಟ್ಟೆ ಹೊಲಿಯಲು ಬರುವುದು ಮಾನ್ವಿಯವರಿಗೆ ಮಾತ್ರ ಎಂದು ಅವಳ ನಂಬಿಕೆ. ಅವಳಿಗೆ ಲಂಗದ ಕಾಲದಿಂದ ಹೊಲಿದುಕೊಟ್ಟ ಒಬ್ಬ ಟೇಲರು ಅಲ್ಲಿದ್ದಾನೆ. ಉಳಿದ ಪರದೆಗಳನ್ನೂ ತಲಬಾಗಿಲಿಗೆಂದು ಹೊಸ ಬಟ್ಟೆಯನ್ನೂ ಅವನಿಗೆ ಕೊಟ್ಟು ಬಂದೆವು. ತರಲು ಹೋಗುವಾಗ ಬಸ್ಸು ಕಲ್ಲೂರು ದಾಟಿದ ಮೇಲೆ ಅವಳಿಗೆ ಸ್ವಲ್ಪ ಚಿಂತೆ ಶುರುವಾಯಿತು.

“ಯಾವ ಕಡಿ ಮ್ಯಾಲ ಅಂತ ಅವನಿಗೆ ಹೇಳಿದ್ದಿಲ್ಲ ನೋಡ್ರಿ.”

“ಕಣ್ಣಿಗೆ ಕಾಣಂಗಿಲ್ಲೇನು?” ಎಂದೆ.

ಟೇಲರು ಮೊದಲ ಪರದೆ ಬಿಡಿಸಿ ಹಿಡಿದ. ಹೊಲಿಗೆ ಬಹಳ ಅಚ್ಚುಕಟ್ಟು. ರಾಡು ತೂರಿಸುವ ಮಡಿಕೆ ಮಾತ್ರ ಕೆಳಗಡೆ ಇತ್ತು. ಬಳ್ಳಿಯ ಬೇರು ಆಕಾಶಕ್ಕೂ ಕುಡಿ ನೆಲಕ್ಕೂ ಮುಖ ಮಾಡಿದ್ದವು.

“ಬಳ್ಳಿ ಮ್ಯಾಲಕ್ಕ ಹತ್ತಬೇಕಲ್ಲೋ ಯಪ್ಪಾ,” ಎಂದಳು ಹೆಂಡತಿ.

“ನಮ್ಮ ಮನಿ ಹೀರಿ ಬಳ್ಳಿ ಮಾಳಿಗಿಂದ ಕೆಳಗ ಬಿದ್ದದ ಅಕ್ಕಾ. ಕೆಳಗ ಬರೂದೇ ನೋಡೀನಿ.”

“ಬಳ್ಳಿ ಬಿಡು. ಹಕ್ಕಿ ನೋಡು. ತಲಿ ಕೆಳಗ, ಕಾಲು ಮ್ಯಾಲ.”

ಟೇಲರು ಕನ್ನಡಕ ಏರಿಸಿ, ಕುತ್ತಿಗೆ ಓರೆ ಮಾಡಿ, ಬಳ್ಳಿಗೆ ಜೋತುಬಿದ್ದ ಹಕ್ಕಿಗಳನ್ನು ಬಹಳ ಹೊತ್ತು ನೋಡಿದ.

“ಬಾವಲಿ ಅನ್ಕೊಂಡಿದ್ದೆ ಅಕ್ಕಾ.”

ಸಂಜೆಯವರೆಗೆ ಕೂತು ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದುಕೊಟ್ಟ. ನಮಗೆ ಚಹಾ ಕೂಡ ತರಿಸಿದ. ಬಾವಲಿ ಚೆನ್ನಾಗಿ ಬಂದಿದ್ದವು ಎಂದು ಹೊರಡುವಾಗ ಇನ್ನೊಮ್ಮೆ ಹೇಳಿದ.

ದೇವದುರ್ಗ

ತಲಬಾಗಿಲ ಪರದೆ ಮಾತ್ರ ಬೋಳಾಗಿಯೇ ಉಳಿದಿತ್ತು. ಅದನ್ನು ಬಾಗಿಲಿಗೆ ತೂಗುಹಾಕಿ, ಯಾವುದು ಮೇಲೆ ಯಾವುದು ಕೆಳಗೆ ಎಂದು ಕಣ್ಣಾರೆ ನೋಡಿ, ಅಲ್ಲೇ ಬಳ್ಳಿ ಒತ್ತುವುದೆಂದು ಹೆಂಡತಿ ನಿರ್ಧರಿಸಿದಳು. ಗೃಹಪ್ರವೇಶದ ಹಿಂದಿನ ದಿನವೇ ಹೋದೆವು. ಆದರೆ ಅತ್ತೆಯವರು ತಲಬಾಗಿಲ ಎದುರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತವರು ಏಳಲಿಲ್ಲ. ಅವರ ಕಣ್ಣೆದುರು ಸ್ಪಂಜು ಹಿಡಿಯುವ ಧೈರ್ಯ ಇವಳಿಗೆ ಬರಲಿಲ್ಲ. ಅವರು ಎದ್ದದ್ದು ಮರುದಿನ ಬೆಳಿಗ್ಗೆ, ಜಳಕಕ್ಕೆ.

“ಹಿಡೀರಿ ಮೂಲಿ,” ಎಂದಳು. ಹಿಡಿದೆ. ಎಲೆ ತುಂಬಿ ಕಾಣಲೆಂದು ಬಣ್ಣ ದಪ್ಪವಾಗಿಯೇ ಒತ್ತಿದಳು. ಬಳ್ಳಿ ಬಾಗಿಲೆತ್ತರಕ್ಕೆ ಏರಿ ನಿಂತಿತು. ನಿಜ ಹೇಳಬೇಕೆಂದರೆ ಬಹಳ ಚೆಂದ ಇತ್ತು. ಒಣಗಲು ಬಿಸಿಲು ಇನ್ನೂ ಹುಟ್ಟಿರಲಿಲ್ಲ. ಇಸ್ತ್ರಿಗೆ ಕರೆಂಟು ಇರಲಿಲ್ಲ.

ಅಷ್ಟರಲ್ಲಿ ಪೂಜೆ ಮಾಡಿಸುವ ಅಯ್ಯನವರು ಬಂದರು. ಹೊಸ ಮನೆಗೆ ಮೊದಲು ಕಾಲಿಡಬೇಕಾದ್ದು ಆಕಳು. ಹತ್ತಿರದ ಜಾಲಹಳ್ಳಿಯ ಕಡೆಯಿಂದ ಒಬ್ಬರು ತಮ್ಮ ಅಚ್ಚ ಬಿಳಿಯ ಆಕಳನ್ನು ತಂದಿದ್ದರು. ಸಾಧು ಆಕಳು, ಕೊರಳಿಗೆ ಹೂವಿನ ಹಾರ.

“ಪರದಾ ಮ್ಯಾಲ ಕಟ್ರಿ,” ಎಂದರು ಯಾರೋ.

“ಮುಟ್ಟಬ್ಯಾಡ್ರಿ, ಹಸಿ ಅದ,” ಎಂದಳು ನನ್ನ ಹೆಂಡತಿ.

ಜನರೆಲ್ಲ ಕೈ ಹಿಂದೆ ತೆಗೆದರು. ಈ ಮಾತು ಆಕಳಿಗೂ ಅನ್ವಯಿಸುತ್ತದೆ ಎಂದು ಅದಕ್ಕೆ ಯಾರೂ ಹೇಳಲಿಲ್ಲ. ಅದು ಹಸಿರು ಎಲೆಗಳನ್ನು ಒಂದು ಕ್ಷಣ ನೋಡಿತು, ಮೂಸಿತು, ಆಮೇಲೆ ತಲೆ ತಗ್ಗಿಸಿ ನೇರವಾಗಿ ಒಳಗೆ ನಡೆಯಿತು. ರಾಡು ಕಳಚಿ ಬಿತ್ತು. ಪರದೆ ಬಣ್ಣದ ಮಗ್ಗುಲು ಕೆಳಗಾಗಿ ಆಕಳಿನ ಬೆನ್ನಿನ ಮೇಲೆ, ಎತ್ತಿಗೆ ಹೊದಿಸುವ ಝೂಲಿನಂತೆ, ಹರಡಿಕೊಂಡಿತು. ಆಕಳು ಪಡಸಾಲೆಯ ನಡುವೆ ಹೋಗಿ ನಿಂತುಕೊಂಡಿತು. ಮಂಗಳಾರತಿ ಶುರುವಾಗಿದ್ದರಿಂದ ಯಾರೂ ಅಲುಗಾಡುವಂತಿರಲಿಲ್ಲ.

ಆರತಿ ಮುಗಿದ ಮೇಲೆ ಮೆಲ್ಲಗೆ ಪರದೆ ಎಳೆದೆವು. ಬಾಲದ ಬುಡದಿಂದ ಹೊರಟ ಬಳ್ಳಿ ಬೆನ್ನು ಹತ್ತಿ, ಪಕ್ಕೆಯ ಮೇಲೆ ಎಲೆ ಹರಡಿ, ಹೆಗಲ ಹತ್ತಿರ ಕುಡಿ ಬಿಟ್ಟಿತ್ತು.

ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಕ್ಕಳಲ್ಲಿ ಇಬ್ಬರು ಕೈ ಮುಗಿದರು. ತಂಗಿ ಅಳುವುದೋ ನಗುವುದೋ ತಿಳಿಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಕಳಿನವರು ಅದರ ಸುತ್ತ ಒಂದು ಸುತ್ತು ಹಾಕಿ, “ಮನಿಗೆ ಹೆಂಗ ಹೊಡಕೊಂಡು ಹೋಗ್ಲಿ ಇದನ್ನ?” ಎಂದರು. ನನ್ನ ಹೆಂಡತಿ ನೋಡುತ್ತಿದ್ದುದು ಜಳಕ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಂದು ನಿಂತಿದ್ದ ಅತ್ತೆಯವರನ್ನು.

ಅತ್ತೆಯವರು ಆಕಳನ್ನು ಹಿತ್ತಲಿನ ನಲ್ಲಿಯ ಹತ್ತಿರ ಒಯ್ಯಲು ಹೇಳಿದರು. ಕುರ್ಚಿಯನ್ನೂ ಅಲ್ಲಿಗೇ ತರಿಸಿ ಕೂತರು.

ತಣ್ಣೀರಿನಿಂದ ತಿಕ್ಕಿದೆವು. ಬಿಸಿನೀರಿನಿಂದ ತಿಕ್ಕಿದೆವು. ಬಟ್ಟೆ ಸಾಬೂನು, ಶಾಂಪೂ, ಸೀಗೆಪುಡಿ ಎಲ್ಲ ಆಯಿತು. ನಾನು ಒಂದು ಪಕ್ಕೆ, ನನ್ನ ಹೆಂಡತಿ ಇನ್ನೊಂದು ಪಕ್ಕೆ. ಆಕಳು ಕಣ್ಣು ಅರೆಮುಚ್ಚಿ ಸುಖವಾಗಿ ನಿಂತಿತ್ತು. ಇಷ್ಟು ಉಪಚಾರ ಅದಕ್ಕೆ ಹಿಂದೆ ಯಾರೂ ಮಾಡಿದಂತೆ ಕಾಣಲಿಲ್ಲ. ಮೈ ಒಣಗಿದಾಗ ಅದು ಬೆಳಿಗ್ಗೆಗಿಂತ ಬೆಳ್ಳಗಾಗಿತ್ತು. ಅದರಿಂದಾಗಿ ಬಳ್ಳಿ ಇನ್ನಷ್ಟು ಎದ್ದು ಕಾಣುತ್ತಿತ್ತು.

ಅತ್ತೆಯವರು ಎದ್ದು ಬಂದರು. ಒಂದು ಎಲೆಯ ಮೇಲೆ ಹೆಬ್ಬೆರಳಿಟ್ಟು ಗಟ್ಟಿಯಾಗಿ ಉಜ್ಜಿದರು. ಬೆರಳು ನೋಡಿಕೊಂಡರು. ಏನೂ ಹತ್ತಿರಲಿಲ್ಲ. ಮತ್ತೆ ಉಜ್ಜಿದರು, ಮತ್ತೆ ನೋಡಿಕೊಂಡರು.

“ಬಣ್ಣ ಗಟ್ಟಿ ಅದ ಬಿಡವ್ವಾ,” ಎಂದರು.

ನನ್ನ ಹೆಂಡತಿಯ ಕೈಯಲ್ಲಿದ್ದ ತಿಕ್ಕುವ ನಾರು ಕೆಳಗೆ ಬಿತ್ತು. ಮೈಯೆಲ್ಲ ಒದ್ದೆ, ಕೂದಲಿಗೆ ನೊರೆ, ಮುಖದಲ್ಲಿ ನಾನು ಮದುವೆಯ ದಿನವೂ ಕಾಣದ ಕಳೆ.

ಅತ್ತೆಯವರು ಎರಡು ಹೆಜ್ಜೆ ಹಿಂದೆ ಸರಿದು ಇನ್ನೊಮ್ಮೆ ನೋಡಿದರು. “ಬಳ್ಳಿ ಮಾತ್ರ ಸೊಲ್ಪ ಸೊಟ್ಟ ಬಂದದ.”

“ಸೊಟ್ಟ ನಾ ಹಾಕಿಲ್ರೀ ಯವ್ವಾ,” ಎಂದಳು ನನ್ನ ಹೆಂಡತಿ. “ಆಕಳಾ ನಡದುಬಿಡ್ತು. ನಿಂತಿದ್ರ ನೆಟ್ಟಗ ಬರ್ತಿತ್ತು.”