ಗಾಳಿ ಎಲ್ಲಿಂದ ಹೊಂಟೈತಿ ನೋಡ್ರಿ

ಸಮುದ್ರವಿಲ್ಲದ ಊರಿನಲ್ಲಿ ಕೂತು ಸಮುದ್ರದ ಸಾಮಾನು ರಿಪೇರಿ ಮಾಡುವವನ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ನಾನು ಬೇಡವೆಂದರೂ ಅದು ಬಾಗಿಲು ಹುಡುಕಿಕೊಂಡು ಬರುತ್ತದೆ, ಹೆಚ್ಚಾಗಿ ಬಸ್ಸಿನ ಪಾರ್ಸೆಲ್ಲಿನಲ್ಲಿ.

ನನ್ನ ಕೆಲಸ ಇಷ್ಟೇ. ಪ್ರವಾಸಿಗರನ್ನು ಸಮುದ್ರದ ತಳಕ್ಕೆ ಕರೆದೊಯ್ದು ಮೀನು ತೋರಿಸುವ ಸ್ಕೂಬಾ ಕೇಂದ್ರಗಳು ಕರಾವಳಿಯಲ್ಲಿವೆ. ಅಲ್ಲಿ ಮುಳುಗುವವರು ಬೆನ್ನಿಗೆ ಸಿಲಿಂಡರು ಹೊರಿಸಿದ ಒಂದು ಜಾಕೀಟು ತೊಡುತ್ತಾರೆ. ಅದರೊಳಗೊಂದು ಗಾಳಿಚೀಲ. ಗಾಳಿ ತುಂಬಿದರೆ ಮೇಲೆ ಬರಬಹುದು, ಗುಂಡಿ ಒತ್ತಿ ಗಾಳಿ ಹೊರಬಿಟ್ಟರೆ ಕೆಳಗೆ ಇಳಿಯಬಹುದು. ಆ ಚೀಲ ಸೋರತೊಡಗಿತೆಂದರೆ ಜಾಕೀಟು ಘಟ್ಟ ಹತ್ತಿ ಹುಬ್ಬಳ್ಳಿಗೆ ಬರುತ್ತದೆ. ದೇಶಪಾಂಡೆ ನಗರದ ನಮ್ಮ ಹಿತ್ತಿಲಿನಲ್ಲಿ ನಾನು ತೂತು ಹುಡುಕಿ, ಮುಚ್ಚಿ, ತಿರುಗಿ ಕಳಿಸುತ್ತೇನೆ.

ಮೊದಲು ನಾನೂ ಕರಾವಳಿಯ ಅಂಥದೊಂದು ಕೇಂದ್ರದಲ್ಲೇ ಇದ್ದೆ. ಜನರ ಕೈ ಹಿಡಿದು ಕೆಳಗೆ ಇಳಿಸುವುದೇ ನನ್ನ ಕೆಲಸವಾಗಿತ್ತು. ಒಂದು ದಿನ ಇಳಿಯುವಾಗ ಎಡಗಿವಿ ಟಪ್ ಎಂದಿತು. ಒಳಗಿನ ಪರದೆ ಹರಿದಿತ್ತು. ಅದೇ ಕೊನೆಯ ಸಲವೆಂದು ಗೊತ್ತಿದ್ದರೆ ಇನ್ನೊಂದಿಷ್ಟು ಹೊತ್ತು ಸುತ್ತಲೂ ನೋಡಿಕೊಂಡು ಬರುತ್ತಿದ್ದೆ. ನಾನೋ, ಅವತ್ತು ಯಾರದೋ ಕಾಲಿನ ಪಟ್ಟಿ ಸಡಿಲಾಗಿದೆ ಎಂದು ಅದನ್ನೇ ನೋಡುತ್ತಿದ್ದೆ. ಕಿವಿ ಸರಿಮಾಡಿಕೊಂಡು ಇನ್ನೊಂದೇ ಒಂದು ಸಲ ಕೆಳಗೆ ಹೋಗಿ ಬರಬೇಕು ಎಂಬುದು ಅಂದಿನಿಂದ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ಕೇಂದ್ರದ ಮಾಲೀಕರೂ, "ಮಳೆಗಾಲ ಮುಗಿದ ಮೇಲೆ ಡಾಕ್ಟರ ಚೀಟಿ ತಗೊಂಡು ಬಾ, ನಾನೇ ಜೊತೆಗೆ ಇಳೀತೇನೆ" ಎಂದಿದ್ದರು.

ನಳ ಬಂದ ದಿನ

ತೂತು ಹುಡುಕಲು ಜಾಕೀಟಿಗೆ ಗಾಳಿ ತುಂಬಿ ನೀರಿನಲ್ಲಿ ಅದುಮಬೇಕು. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ತೂತು. ಅದಕ್ಕೆ ತೊಟ್ಟಿ ತುಂಬ ನೀರು ಬೇಕು. ನಮ್ಮೂರಲ್ಲಿ ನಳ ಬರುವುದು ಯಾವಾಗಲೋ ಒಮ್ಮೆ. ಬಂದ ದಿನ ಓಣಿಯವರೆಲ್ಲ ಕೊಡ, ಬ್ಯಾರಲ್ಲು, ಕೊನೆಗೆ ಚಹಾದ ಪಾತ್ರೆಯನ್ನೂ ಬಿಡದೆ ತುಂಬಿಕೊಳ್ಳುವಾಗ ನಾನು ಮಾತ್ರ ಹಿತ್ತಿಲ ತೊಟ್ಟಿಗೆ ಪೈಪು ಬಿಡುತ್ತಿದ್ದೆ.

ಬಾಜೂ ಮನೆಯ ಅಕ್ಕ ಕಂಪೌಂಡಿನ ಮೇಲಿಂದ ಇದನ್ನು ನೋಡಿದರು.

"ಕುಡ್ಯಾಕ ತುಂಬಾಕತ್ತೀರೇನ್ರಿ?"

"ಅಲ್ರಿ, ಜಾಕೀಟ್ ಮುಳಗಸಾಕ."

"ಅಂದ್ರ, ತೊಳ್ಯಾಕ?"

"ತೊಳ್ಯಾಕಲ್ರಿ. ಬರೇ ಮುಳಗಸಿ ತಗಿಯೂದು."

ಅವರು ಸ್ವಲ್ಪ ಯೋಚಿಸಿದರು. "ಹಂಗಾರ ನೀರ ಹೊಲಸ ಆಗೂದಿಲ್ಲ" ಎಂದರು. ಅಂದಿನಿಂದ ನನ್ನ ತೊಟ್ಟಿ ಅವರದೂ ಆಯಿತು. ಗುಳ್ಳೆ ಕಂಡ ಕೂಡಲೇ ಅವರ ಬಕೀಟು ಬರುತ್ತಿತ್ತು. ಕಾಣದಿದ್ದರೆ, "ಲಗೂ ಹುಡಕ್ರಿ, ಭಾಂಡಿ ಎಲ್ಲಾ ಹಂಗ ಬಿದ್ದಾವ" ಎಂದು ಗೋಡೆಯ ಮೇಲಿಂದ ಅವಸರ ಮಾಡುತ್ತಿದ್ದರು. ಒಂದೆರಡು ಸಲ ನನಗಿಂತ ಮೊದಲು ಅವರೇ ತೂತು ಕಂಡುಹಿಡಿದದ್ದೂ ಉಂಟು.

ಒಮ್ಮೆ ನಳ ಬಹಳ ದಿನ ಬರಲಿಲ್ಲ. ಕರಾವಳಿಯ ಮಾಲೀಕರು ಫೋನು ಮಾಡಿ, ಜಾಕೀಟು ಯಾಕೆ ತಡವಾಯಿತು ಎಂದು ರೇಗಿದರು. ನೀರಿಲ್ಲ ಎಂದು ನಾನು ತಡವರಿಸುತ್ತಿರುವಾಗ ಅಕ್ಕನಿಗೆ ತಡೆಯಲಾಗಲಿಲ್ಲ. ಗೋಡೆಯಾಚೆಯಿಂದ ಫೋನಿಗೇ ಕೇಳುವಂತೆ ಕೂಗಿದರು:

"ಅವ್ರ ಮನಿ ಮುಂದ ಅಷ್ಟು ದೊಡ್ಡ ಸಮುದ್ರ ಬಿದ್ದೈತಲ್ರಿ! ಅದರಾಗ ಮುಳಗಿಸಿ ನೋಡ್ಕೋಳಾಕ ಹೇಳ್ರಿ. ನಮ್ಮ ನಳದ ಮ್ಯಾಲ ಯಾಕ್ ಕಣ್ಣು?"

ಅವ್ವನ ಅಂತಃಕರಣ

ಊರಿಗೆ ಮರಳುವಾಗ ನನ್ನ ಸ್ವಂತ ಜಾಕೀಟನ್ನೂ ತಂದಿದ್ದೆ. ಮಳೆಗಾಲ ಮುಗಿಯುವುದರೊಳಗೆ ಅದನ್ನು ತಯಾರಿಡಬೇಕೆಂದು ಒಂದು ಆದಿತ್ಯವಾರ ಬಿಚ್ಚಿ ಹರವಿಕೊಂಡೆ. ಗಾಳಿ ಬಿಡುವ ಬಿರಡೆಯಲ್ಲಿ ಮರಳ ಕಣ ಸಿಕ್ಕಿತ್ತು, ತೆಗೆದೆ. ಹೊಲಿಗೆಯ ಹತ್ತಿರ ಸೂಜಿಮೊನೆಯಷ್ಟು ತೂತಿತ್ತು, ಸ್ಪಿರಿಟ್ಟಿನಿಂದ ಒರೆಸಿ ಅಂಟು ಹಚ್ಚಿದೆ. ಅದು ಒಣಗಿದ ಮೇಲೆ ಬಿಗಿಯಾಗಿ ಗಾಳಿ ತುಂಬಿ, ಪಡಸಾಲೆಯಲ್ಲಿ ಅವ್ವನ ಮಂಚದ ಪಕ್ಕದ ಗೂಟಕ್ಕೆ ತೂಗುಹಾಕಿದೆ. ದಿನವಿಡೀ ಹಾಗೇ ಉಬ್ಬಿಕೊಂಡಿದ್ದರೆ ರಿಪೇರಿ ಗಟ್ಟಿ ಎಂದು ಲೆಕ್ಕ.

ಸಂಜೆ ನೋಡಿದರೆ ಜಾಕೀಟು ಜೋತುಬಿದ್ದಿತ್ತು. ನೀರಿನಲ್ಲಿ ಅದುಮಿದೆ, ಒಂದು ಗುಳ್ಳೆಯೂ ಇಲ್ಲ. ಮರುದಿನ ತುಂಬಿದೆ, ಸಂಜೆಗೆ ಮತ್ತೆ ಚಪ್ಪಟೆ. ಬಿರಡೆ ಬದಲಿಸಿದೆ, ರಬ್ಬರು ಬದಲಿಸಿದೆ, ಚೆನ್ನಾಗಿದ್ದ ಹೊಲಿಗೆಗೂ ಅಂಟು ಬಳಿದೆ. ಕಂಡವರ ಜಾಕೀಟೆಲ್ಲ ನೆಟ್ಟಗೆ ಮಾಡಿದವನಿಗೆ ನನ್ನದೊಂದು ಕೈಕೊಟ್ಟಿತಲ್ಲ ಎಂದು ಊಟ ಸೇರದಂತಾಯಿತು. ಸಮುದ್ರವೇ ನನ್ನನ್ನು ಬೇಡ ಅನ್ನುತ್ತಿದೆಯೇನೋ ಎಂದೂ ಅನ್ನಿಸಿತು.

ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನಿಂದ ಬೇಗ ಮನೆಗೆ ಬಂದೆ. ಅವ್ವ ಮಂಚದ ಮೇಲೆ ಕೂತು, ಜಾಕೀಟಿನ ಕೊಳವೆಯನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಿದ್ದಳು. ಜಾಕೀಟು ಫುಸ್ಸೆಂದು ಇಳಿಯುತ್ತಿತ್ತು. ಅವ್ವ ಇನ್ನೊಂದು ಕೈಯಿಂದ ಅದರ ಬೆನ್ನು ಸವರುತ್ತಿದ್ದಳು.

"ಅವ್ವಾ! ಏನ ಮಾಡಾಕತ್ತಿ?"

"ಮುಂಜಾನಿಂದ ಉಬ್ಬಿಕೊಂಡ ನಿಂತೈತಲ್ಲೋ, ನೋಡಾಕ ಆಗವಲ್ದು. ಹೊಟ್ಟಿ ಉಬ್ಬರ ಆದ್ರ ಎಂಥಾ ಸಂಕಟ ಅಂತ ನಿನಗೇನ ಗೊತ್ತು?"

"ದಿನಾ ನೀನ ಒತ್ತೀಯೇನು?"

"ಮತ್ಯಾರು? ನೀ ತುಂಬಿ ಹೊಂಟಬಿಡ್ತಿ. ಇದಕ್ಕ ಅಜವಾನದ ನೀರ ಕುಡಸಾಕಂತೂ ಬರೂದಿಲ್ಲ."

ಟೀಚರ ಪೆಟ್ಟಿಗೆ

ಗಾಳಿ ಸೋರುವುದನ್ನು ಹಿಡಿಯುವವನೊಬ್ಬ ಇದ್ದಾನೆ ಎಂದು ಸುದ್ದಿ ಹಬ್ಬಿದ ಮೇಲೆ ಏನೇನೋ ಬರತೊಡಗಿತು. ಫುಟ್‌ಬಾಲು ಬಂತು, ಕುಕ್ಕರು ಬಂತು. ಒಂದು ದಿನ ಧಾರವಾಡದಿಂದ, ಮಿಶನ್ ಸಾಲಿಯಲ್ಲಿ ಕಲಿಸಿ ನಿವೃತ್ತರಾದ ಟೀಚರೊಬ್ಬರು ಹಾರ್ಮೋನಿಯಂ ಪೆಟ್ಟಿಗೆ ತಂದರು. ಆದಿತ್ಯವಾರ ಚರ್ಚಿನಲ್ಲಿ ಅವರೇ ಬಾರಿಸುವುದಂತೆ. ತಿದಿಯ ಗಾಳಿ ನಿಲ್ಲದೆ, ಹಾಡು ಅರ್ಧಕ್ಕೇ ಏದುಸಿರು ಬಿಡುತ್ತಿತ್ತಂತೆ.

ನಾನು ಸುಮ್ಮನೆ ಒಮ್ಮೆ ತೊಟ್ಟಿಯ ಕಡೆ ನೋಡಿದೆ. ಅವರು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡರು. "ಇದನ್ನ ಮುಳಗಸೂದಿಲ್ಲಲ್ರಿ?"

"ಇಲ್ರಿ ಟೀಚರ, ಕಿವಿಗೊಟ್ಟ ಕೇಳಿದ್ರ ಸಾಕು" ಎಂದು, ತಿದಿ ಒತ್ತಲು ಹೇಳಿ, ಅಭ್ಯಾಸಬಲದಿಂದ ಎಡಗಿವಿಯನ್ನೇ ಹಚ್ಚಿದೆ. ಮಡಿಕೆ ಮಡಿಕೆಗೂ ಮುಖ ಸರಿಸುತ್ತ ಗಂಭೀರವಾಗಿ ಕೇಳಿದೆ. ಏನೂ ಸದ್ದಿಲ್ಲ. "ಎಲ್ಲಾ ಛಲೋ ಐತಲ್ರಿ" ಎಂದೆ.

ಟೀಚರು ಕನ್ನಡಕ ಇಳಿಸಿ ನನ್ನನ್ನೇ ನೋಡಿದರು. ಸಾಲಿಯಲ್ಲಿ ಇಂಥ ನೋಟಕ್ಕೆ ಎಷ್ಟು ಮಕ್ಕಳು ನಡುಗಿದ್ದವೋ.

"ಗಾಳಿಗೆ ನಿಮ್ಮ ಮೀಸಿ ಹಾರಾಕತ್ತದಲ್ರಿ. ಮೀಸಿಗೆ ಗೊತ್ತಾಗಿದ್ದು ನಿಮಗ ಗೊತ್ತಾಗವಲ್ದೇನು?"

ಸತ್ತೂರಿನ ತೇಪೆ

ಆ ಮಾತಿಗೆ ಟೀಚರ ಜೊತೆ ನಾನೂ ನಕ್ಕೆ. ಆದರೆ ಅವರು ಹೋದ ಮೇಲೆ, ಕಿವಿಯ ವಿಷಯದಲ್ಲಿ ಇನ್ನು ತಡ ಮಾಡಬಾರದೆಂದು ಧಾರವಾಡದ ಹತ್ತಿರದ ಸತ್ತೂರಿನ ಆಸ್ಪತ್ರೆಗೆ ಹೋದೆ. ಡಾಕ್ಟರು ಕಿವಿಯ ಹಿಂದಿನಿಂದ ತೆಳ್ಳಗಿನ ಒಂದು ಪೊರೆ ತೆಗೆದು ಹರಿದ ಪರದೆಗೆ ತೇಪೆ ಹಚ್ಚುವುದಾಗಿ ಹೇಳಿದರು. ತೇಪೆ ಎಂದ ಕೂಡಲೇ ನನಗೆ ಉಮೇದು ಬಂತು.

"ಯಾವ ಅಂಟ ಹಾಕ್ತೀರಿ ಸರ?"

"ಅಂಟಿಲ್ರಿ. ತಾನ ಹತ್ಕೋತದ."

"ಹತ್ತೈತೋ ಇಲ್ಲೋ ಅಂತ ಗಾಳಿ ಹಾಕಿ ನೋಡೂದಿಲ್ಲೇನ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀವು ರಿಪೇರಿ ಮಾಡೋರಾಗಿ ಬಂದೀರೋ, ಜಾಕೀಟಾಗಿ ಬಂದೀರೋ, ಮೊದ್ಲ ಅದನ್ನ ಹೇಳ್ರಿ. ಜಾಕೀಟಾಗಿ ಬಂದಿದ್ರ ಸುಮ್ಮ ಮಲಕೋರಿ."

ಸುಮ್ಮನೆ ಮಲಗಿ ತೇಪೆ ಹಾಕಿಸಿಕೊಂಡೆ. ಹೇಳಿದಂತೆ ಮೂಗು ಸಹ ಜೋರಾಗಿ ಸೀಟಲಿಲ್ಲ. ಮಳೆಗಾಲ ಕಳೆಯಿತು. ಅವ್ವನ ಕೈಗೆ ಎಟುಕದ ಗೂಟದಲ್ಲಿ ನನ್ನ ಜಾಕೀಟು ಬಿಗಿಯಾಗಿ ಉಬ್ಬಿಕೊಂಡು ನಿಂತಿತ್ತು. ಸಮುದ್ರಕ್ಕೆ ಹೊರಡಲು ಬಟ್ಟೆಚೀಲ ಕಟ್ಟುವುದೊಂದೇ ಬಾಕಿ ಎಂದು ಕೊನೆಯ ತಪಾಸಣೆಗೆ ಹೋದೆ.

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ತೇಪಿ ಒಂದ ಅಂಚಿನಾಗ ಬಿಟ್ಟದ. ಸಣ್ಣ ತೂತು ಉಳದದ. ದಿನಾ ಓಡ್ಯಾಡಾಕ ಏನೂ ತ್ರಾಸಿಲ್ಲ. ಸಮುದ್ರದ ಮಾತು ಮಾತ್ರ ಬಿಟ್ಟಬಿಡ್ರಿ" ಎಂದರು. ಇನ್ನೊಮ್ಮೆ ಹಚ್ಚಿದರೆ ಎಂದು ಕೇಳಿದೆ. ಹಚ್ಚಿದರೂ ಮುಳುಗಲು ಚೀಟಿ ಬರೆದುಕೊಡುವುದಿಲ್ಲ ಎಂದರು. ಒಳ್ಳೆಯವರು, ಮೆಲ್ಲಗೇ ಹೇಳಿದರು.

ಬಸ್ಸಿನಲ್ಲಿ ಬರುವಾಗ ನನಗೆ ನಂಬಿಕೆಯೇ ಬರಲಿಲ್ಲ. ಬರೀ ಬೆಳಕು ಬಿಟ್ಟು ನೋಡಿದರೆ ತೂತು ಕಾಣುತ್ತದೆಯೆ? ನೀರಿನಲ್ಲಿ ಅದುಮದೆ ನಾನು ಯಾವ ಜಾಕೀಟನ್ನೂ ಕೆಟ್ಟಿದೆ ಎಂದವನಲ್ಲ. ಕಿವಿಗೆ ಹನಿ ನೀರೂ ತಾಗಬಾರದು ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಆದರೂ ಮನೆಗೆ ಬಂದವನೇ ಅಂಗಿ ಕಳಚಿ ತೊಟ್ಟಿಯ ಮುಂದೆ ಕೂತೆ. ನನ್ನ ಕಿವಿ ನನಗೇ ಕಾಣುವುದಿಲ್ಲವಲ್ಲ, ಅವ್ವನನ್ನು ಕರೆದೆ.

"ಅವ್ವಾ, ನಾ ತಲಿ ಮುಳಗಿಸಿ ಮೂಗ ಹಿಡ್ಕೊಂಡ ಊದತೇನಿ. ಎಡಗಿವಿ ಹತ್ರ ಗುಳ್ಳಿ ಬರ್ತಾವೇನು, ಛಂದಂಗ ನೋಡಿ ಹೇಳು."

ಅವ್ವ ಸೆರಗು ಕಟ್ಟಿ ತೊಟ್ಟಿಯ ಮೇಲೆ ಬಾಗಿದಳು. ಮುಳುಗಿದೆ. ಮೂಗು ಹಿಡಿದು ಊದಿದೆ. ತೊಟ್ಟಿಯ ನೀರು ತಣ್ಣಗಿತ್ತು. ಒಂದು ಕ್ಷಣ ಅಲ್ಲೇ ಇದ್ದೇನೆ, ಕೆಳಗೇ ಇದ್ದೇನೆ ಅನ್ನಿಸಿತು. ಅಷ್ಟೇ ಸಾಕೆಂದು ಮೇಲೆ ಬಂದು ಮುಖ ಒರೆಸಿಕೊಂಡೆ.

ಗುಳ್ಳೆ ಎದ್ದಿವೆ ಎಂದು ಅವ್ವನ ಮುಖ ನೋಡಿಯೇ ನನಗೆ ತಿಳಿಯಿತು. ಕಣ್ಣು ತುಂಬಿ ಬಂತು, ತಲೆಯಿಂದ ನೀರು ಇಳಿಯುತ್ತಿದ್ದುದರಿಂದ ಕಾಣಿಸದೆ ಹೋಯಿತು. ಅವ್ವ ಹೆದರಿದವಳಂತೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಹಿಂದೆ ಸರಿದು ಹೇಳಿದಳು:

"ಅವತ್ತ ಜಾಕೀಟಿನ ಗಾಳಿ ಬಿಟ್ಟಾಕಿ ನಾನ, ಒಪ್ಕೋತೇನಿ. ಆದ್ರ ಇದಕ್ಕ ನಾ ಕೈ ಹಚ್ಚಿಲ್ಲ ನೋಡಪಾ, ನಿನ್ನಾಣಿಗೂ!"